ಮಾರದೆ ಉಳಿದ ಪ್ಲೇಟುಗಳ ನಾಣಯ್ಯ

ಬಿಟ್ಟಂಗಾಲದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನಾಣಯ್ಯನಿಗೆ ಇಸ್ಪೀಟಿನ ಚಟವಿರಲಿಲ್ಲ, ಕುಡಿತ ಹಬ್ಬ ಹರಿದಿನಕ್ಕಷ್ಟೇ. ಅವನ ಹುಚ್ಚೇ ಬೇರೆ. ಜಗತ್ತಿನಲ್ಲಿ ಯಾರಿಗೂ ಬೇಡವಾದ ಗ್ರಾಮಾಫೋನ್ ಪ್ಲೇಟು ಅವನಿಗೆ ಬೇಕು. ಎಸ್ಟೇಟಿನ ಬಿಳಿ ದೊರೆ ಸೀಮೆಗೆ ಹೊರಟಾಗ ಬಿಟ್ಟುಹೋದ ಹಳೆಯ ಗ್ರಾಮಾಫೋನು ಇವನ ಪಾಲಿಗೆ ಬಂದಿತ್ತು, ಕಹಳೆಯಂಥ ದೊಡ್ಡ ಬಾಯಿಯದ್ದು. ಅಂದಿನಿಂದ ಭಾನುವಾರ ಬಂತೆಂದರೆ ವೀರಾಜಪೇಟೆ, ಮೂರ್ನಾಡು, ಮಡಿಕೇರಿ ಎಂದು ಅಂಗಡಿ ಅಂಗಡಿ ಸುತ್ತುವುದು, ಹೊಸ ಪ್ಲೇಟು ತೋರಿಸಿದರೆ ಮುಖ ತಿರುಗಿಸುವುದು, "ಹಳೆ ಮಾಲು ಉಂಟಾ? ಮಾರದೆ ಉಳಿದದ್ದು?" ಎಂದು ಕೇಳುವುದು.

"ಮಾರಿ ಹೋದ ಪ್ಲೇಟಿಗೆ ಒಂದು ಮನೆ ಸಿಕ್ಕಿದೆ. ಉಳಿದದ್ದನ್ನು ಕೇಳುವವರು ಯಾರು?" ಎಂದು ಅವನು ಹೆಂಡತಿಗೆ ಹೇಳುತ್ತಿದ್ದ.

"ಒಂದು ಸಲ ಹಾಕಿ ನೋಡಿ, ಯಾಕೆ ಉಳಿಯಿತು ಅಂತ ಗೊತ್ತಾಗ್ತದೆ," ಎನ್ನುತ್ತಿದ್ದಳು ಬೋಜಮ್ಮ.

ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ ಬಿಡಿ. ಒಂದು ಪ್ಲೇಟಿನಲ್ಲಿ ಯಾರೋ ಪಾದ್ರಿಯ ಉಪದೇಶ, ಇನ್ನೊಂದರಲ್ಲಿ ಒಬ್ಬ ಬಿಳಿಯ ಮೂರು ನಿಮಿಷ ಬರೀ ನಗುತ್ತಾನೆ, ಮತ್ತೊಂದರಲ್ಲಿ ಫ್ರೆಂಚ್ ಪಾಠ. ನಾಣಯ್ಯ ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ಕೇಳುತ್ತಿದ್ದ. ಧೂಳು ಒರೆಸಲು ಬೋಜಮ್ಮನನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಕನಿಕರವಿದ್ದ ಮನುಷ್ಯ ಗದ್ದೆಯ ಆಚೆ ದಡದಲ್ಲಿದ್ದ ಸ್ವಂತ ಅಣ್ಣ ಪೊನ್ನಪ್ಪನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಾರಣ ಒಂದು ಹಂದಿ. ಬೇಟೆಯಲ್ಲಿ ಮೊದಲ ಗುಂಡು ಯಾರದೋ ಅವನಿಗೆ ಹಂದಿಯ ತಲೆ. ನನ್ನ ಗುಂಡು ಎಂದ ಅಣ್ಣ, ನನ್ನದು ಎಂದ ತಮ್ಮ. ಇಬ್ಬರೂ ಕೂಗಾಡುತ್ತಿರುವಾಗ ತಲೆ ನಾಯಿಪಾಲಾಯಿತು, ಮಾತೂ ನಿಂತಿತು. ಅಣ್ಣನ ಮನೆಯ ಹೊಗೆ ದಿನಾ ಜಗಲಿಯಿಂದ ಕಾಣುತ್ತಿತ್ತು. ಅದು ಏಳುವುದು ತಡವಾದರೆ ನಾಣಯ್ಯನಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗೆಂದು ತಾನೇ ಗದ್ದೆ ದಾಟಿ ಹೋಗಿ ಮಾತಾಡಿಸುವುದುಂಟೇ? ಅಣ್ಣ ಬರಲಿ. ದೊಡ್ಡವನು ಅವನು. ಅತ್ತ ಪೊನ್ನಪ್ಪನೂ, ತಮ್ಮ ಬರಲಿ, ಚಿಕ್ಕವನು ಅವನು ಎಂದು ಕೂತಿದ್ದ.

ವೀರಾಜಪೇಟೆಯ ಮೊಯ್ದು ಕಾಕನ ಅಂಗಡಿಯ ಅಟ್ಟದಲ್ಲಿ ಒಂದು ಪೆಟ್ಟಿಗೆ ಸಿಕ್ಕಿದ್ದು ಆ ವರ್ಷ. ಜರ್ಮನ್ ಯುದ್ಧಕ್ಕೆ ಮುಂಚೆ ಕಾಕನ ಅಪ್ಪ ದೊರೆಗಳಿಗೆಂದು ತರಿಸಿದ್ದ ಮಾಲು. ದೊರೆಗಳು ಯುದ್ಧಕ್ಕೆ ಹೋದರು, ಪ್ಲೇಟುಗಳು ಅಟ್ಟ ಹತ್ತಿದವು. "ಕೊಂಡೋಗಿ ರೈಟರೇ, ಇಲಿಗೂ ಬೇಡ ಇದು," ಎಂದ ಕಾಕ. ನಾಣಯ್ಯ ಮಗುವನ್ನು ಎತ್ತಿಕೊಂಡಂತೆ ಪೆಟ್ಟಿಗೆ ಎತ್ತಿಕೊಂಡು ಬಂದ.

ಮರುವಾರ, ಮಳೆ ಬಿಟ್ಟು ಬಿಸಿಲು ಬಿದ್ದ ಭಾನುವಾರ, ಅವನು ಗ್ರಾಮಾಫೋನನ್ನು ಜಗಲಿಗೆ ತಂದು ಬೂಷ್ಟು ಒರೆಸಿದ ಒಂದು ಪ್ಲೇಟನ್ನು ಹಾಕಿದ. ಹಸಿರು ಚೀಟಿ, ಅದರಲ್ಲಿ ಕುದುರೆಯ ಮೇಲೆ ಕೂತು ಕಹಳೆ ಊದುವ ಒಬ್ಬ ಬಿಳಿಯ. ಸೀಮೆಯ ಬೇಟೆಯ ಪ್ಲೇಟು. ಮೊದಲು ಕಹಳೆ, ಆಮೇಲೆ ಕುದುರೆಯ ಓಟ, ನಾಯಿಗಳ ಬೊಗಳು. ಅಂಗಳದಲ್ಲಿ ಮಲಗಿದ್ದ ಇವನ ನಾಯಿಯೂ ಎದ್ದು ಉತ್ತರ ಕೊಟ್ಟಿತು. ನಾಣಯ್ಯ ಖುಷಿಯಲ್ಲಿ ತೊಡೆ ತಟ್ಟಿದ. ಕೊನೆಗೆ ಢಂ! ಢಂ! ಎರಡು ಗುಂಡು.

ಕೊಡಗಿನಲ್ಲಿ ಗುಂಡಿನ ಸದ್ದಿಗೆ ಲೆಕ್ಕವುಂಟು. ಗಂಡುಮಗು ಹುಟ್ಟಿದರೆ ಒಂದು. ಮನೆಯಲ್ಲಿ ಸಾವಾದರೆ ಬೆನ್ನು ಬೆನ್ನಿಗೆ ಎರಡು; ಕೇಳಿದವನು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರಬೇಕು, ಜಗಳ ಗಿಗಳ ಆಮೇಲೆ.

ಪಕ್ಕದ ಮನೆಯ ದೇರಪ್ಪ ಗೌಡ ಗದ್ದೆಯ ಅಂಚಿನಲ್ಲಿ ಬೇಲಿ ಕಟ್ಟುತ್ತಿದ್ದ. ನಾಣಯ್ಯನ ಮನೆಯಿಂದ ಸದ್ದು ಕೇಳಿ ಕತ್ತಿ ಕೆಳಗಿಟ್ಟ. ಆ ಮನೆಯಲ್ಲಿರುವುದು ಇಬ್ಬರೇ; ಬೋಜಮ್ಮ ಈಗಷ್ಟೇ ಕೋಳಿ ಅಟ್ಟುತ್ತಿದ್ದಳು, ಅಂದಮೇಲೆ ಹೋದವನು ನಾಣಯ್ಯನೇ. ದೇರಪ್ಪ ಪರೋಪಕಾರಿ, ಅದೇ ಅವನ ದೊಡ್ಡ ರೋಗ. "ಪಾಪ, ಮಳೆಗೆ ಕೋವಿಯ ಮದ್ದು ಥಂಡಿ ಹಿಡಿದಿದೆ, ಸದ್ದು ಜೋರಾಗಿ ಬರಲಿಲ್ಲ. ಊರಿಗೆ ಹೇಗೆ ಗೊತ್ತಾಗಬೇಕು?" ಎಂದುಕೊಂಡು ಒಳಗಿಂದ ತನ್ನ ಕೋವಿ ತಂದು ಆಕಾಶಕ್ಕೆ ಎರಡು ಗುಂಡು ಹಾರಿಸಿದ. ಅದೂ ಸಾಲದೆಂದು, "ನಾಣಯ್ಯಣ್ಣ ಹೋಗ್ಬಿಟ್ರೋ!" ಎಂದು ಆಚೆ ದಡಕ್ಕೆ ಕೂಗಿದ.

ನಾಣಯ್ಯನಿಗೆ ಕೂಗು ಕೇಳಲಿಲ್ಲ. ಪ್ಲೇಟು ತೆಗೆಯುತ್ತಿದ್ದವನ ಕಿವಿಗೆ ಬಿದ್ದದ್ದು ಗದ್ದೆಯ ಕಡೆಯಿಂದ ಎರಡು ಗುಂಡು. ಅಣ್ಣನಿಗೆ ಜ್ವರ, ಹಾಸಿಗೆ ಹಿಡಿದಿದ್ದಾನೆ ಎಂದು ಮೂರು ದಿನದ ಹಿಂದೆ ದೇರಪ್ಪನೇ ಹೇಳಿದ್ದ. ಮರುಕ್ಷಣ ನಾಣಯ್ಯ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಮರೆತು, ಅಂಗಳ ಹಾರಿ ಗದ್ದೆಯ ಬದುವಿನ ಮೇಲೆ ಓಡುತ್ತಿದ್ದ.

"ಅಣ್ಣಾ! ಒಂದು ಮಾತೂ ಆಡದೆ ಹೋದೆಯಾ ಅಣ್ಣಾ! ತಲೆ ನೀನೇ ಇಟ್ಟುಕೊಳ್ಳಬಹುದಿತ್ತಲ್ಲೋ!"

ಅದೇ ಬದುವಿನ ಆಚೆ ತುದಿಯಿಂದ ಕಂಬಳಿ ಹೊದ್ದ ಇನ್ನೊಂದು ಆಕೃತಿ ಎದೆ ಬಡಿದುಕೊಳ್ಳುತ್ತ ಬರುತ್ತಿತ್ತು. "ತಮ್ಮಾ! ದೊಡ್ಡವನು ನಾನಿರುವಾಗ ನಿನಗೆಂಥ ಅವಸರವೋ ತಮ್ಮಾ!"

ಇಬ್ಬರ ಕಣ್ಣೂ ಮಂಜು. ನಟ್ಟ ನಡು ಗದ್ದೆಯಲ್ಲಿ ಹಣೆಗೆ ಹಣೆ ತಾಗುವಷ್ಟು ಹತ್ತಿರ ಬಂದು ನಿಂತರು. ಇಬ್ಬರ ಬಾಯಿಯೂ ತೆರೆದೇ ಇತ್ತು.

"ನೀನು ಸಾಯ್ಲಿಲ್ವಾ?" ಮಾತಿಗೆ ತಪ್ಪಿದವನನ್ನು ಕೇಳುವಂತೆ ಕೇಳಿದ ಪೊನ್ನಪ್ಪ.

"ಇಲ್ಲ. ನೀನು?"

"ನನಗೆ ಜ್ವರ."

"ಜ್ವರ ಇಟ್ಟುಕೊಂಡು ಗದ್ದೆಗೆ ಬಂದಿದ್ದೀಯಲ್ಲ, ತಲೆ ನೆಟ್ಟಗುಂಟಾ ನಿಂಗೆ?"

ಹನ್ನೊಂದು ವರ್ಷದ ನಂತರ ಅಣ್ಣತಮ್ಮಂದಿರು ಆಡಿದ ಮೊದಲ ಮಾತುಗಳು ಇವು. ಬದು ಒಬ್ಬರು ಹೋಗುವಷ್ಟೇ ಅಗಲ. ಯಾರಾದರೊಬ್ಬರು ಕೆಸರಿಗೆ ಇಳಿದು ದಾರಿ ಬಿಡಬೇಕು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಮತ್ತೆ ಒಟ್ಟಿಗೇ ಇಳಿದರು, ಅವನು ಈ ಮಗ್ಗುಲಿಗೆ, ಇವನು ಆ ಮಗ್ಗುಲಿಗೆ. ದಾರಿ ಖಾಲಿಯಾಯಿತು, ಹೋಗುವವರೇ ಇರಲಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಣಯ್ಯ ಅಣ್ಣನ ಹಣೆ ಮುಟ್ಟಿ ನೋಡಿದ. ಕಾದ ಕಾವಲಿಯಂತಿತ್ತು.

ಅಷ್ಟರಲ್ಲಿ ಸಾವಿಗೆಂದು ಬಿಳಿ ಬಟ್ಟೆ ಉಟ್ಟ ದೇರಪ್ಪ ಬಂದ, ಹಿಂದೆ ಅರ್ಧ ಊರು. ಸತ್ತವನು ನಿಂತಿರುವುದನ್ನು ನೋಡಿ ದೇರಪ್ಪ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ವಿಚಾರಣೆ ನಡೆಯಿತು. "ನಿಮ್ಮ ಮನೆಯಿಂದಲೇ ಬಂತು ಸದ್ದು, ಕಾವೇರಮ್ಮನ ಆಣೆ!" ಎಂದ ದೇರಪ್ಪ. ನಾಣಯ್ಯನಿಗೆ ಆಗ ಹೊಳೆಯಿತು.

ಊರಿಗೆ ಊರೇ ಜಗಲಿಗೆ ಬಂದು ಪ್ಲೇಟು ಕೇಳಿತು. ಢಂ, ಢಂ. ಬಂದವರಿಗೆಲ್ಲ ಬೋಜಮ್ಮ ಗೊಣಗುತ್ತ ಕಾಫಿ ಕೊಟ್ಟಳು. ಸಾವಿನ ಮನೆಗೆ ಬಂದವರು ನೆಂಟರಂತೆ ಕಾಫಿ ಕುಡಿದು ಹೋದರು. ಪೊನ್ನಪ್ಪ ಮಾತ್ರ ಕಂಬದ ಬಳಿ ನಿಂತೇ ಇದ್ದ. ಸಿಟ್ಟು, ನಾಚಿಕೆ, ಜ್ವರ ಮೂರೂ ಸೇರಿ ನಡುಗುತ್ತಿದ್ದ.

"ಈ ಸದ್ದು ಇನ್ನೊಂದು ಸಲ ನಿನ್ನ ಮನೆಯಿಂದ ಕೇಳಿದರೆ ನಾನು ಬರೋದಿಲ್ಲ ನಾಣಿ," ಎಂದ. "ನಿಜವಾದದ್ದಕ್ಕೂ ಬರೋದಿಲ್ಲ."

ನಾಣಯ್ಯ ಪ್ಲೇಟನ್ನು ಎತ್ತಿದ, ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದ. ಬೋಜಮ್ಮನ ಕೈಯಲ್ಲಿದ್ದ ಲೋಟ ಬಿತ್ತು. ಧೂಳು ಒರೆಸಲು ಬಿಡದ ಗಂಡ ಇವನೇನಾ ಎಂದು ಅವಳಿಗೆ ನಂಬಿಕೆಯೇ ಬರಲಿಲ್ಲ.

ಪೊನ್ನಪ್ಪ ಮೆಲ್ಲನೆ ಜಗಲಿಯ ಮೇಲೆ ಕೂತ. ಕಾಫಿ ಕುಡಿದ. ತುಂಡುಗಳನ್ನು ನೋಡುತ್ತ ಕೇಳಿದ: "ಅದರ ಹಿಂಬದಿಯಲ್ಲಿ ಎಂತ ಇತ್ತು?"

"ಗೊತ್ತಿಲ್ಲ. ಮಗುಚಿ ಹಾಕುವ ಮೊದಲೇ ನೀನು ಸತ್ತೆ."

"ಛೆ! ಕೇಳಿ ಆದ ಮೇಲೆ ಮುರೀಬಾರದಿತ್ತಾ? ಯಾವಾಗಲೂ ದುಡುಕು ನಿಂದು. ಇನ್ನೊಂದು ಸಿಗ್ತದಾ?"

"ಹಳೆ ಮಾಲು ಅಣ್ಣ. ಹುಡುಕಬೇಕು."

"ಜ್ವರ ಬಿಡಲಿ. ಹುಡುಕೋಣ."

ಹುಡುಕಿದರು ನೋಡಿ, ಒಂದಲ್ಲ ಎರಡಲ್ಲ, ಏಳು ವರ್ಷ. ಭಾನುವಾರ ಬೆಳಿಗ್ಗೆ ಪೊನ್ನಪ್ಪ ಗದ್ದೆ ದಾಟಿ ಬರುವುದು, ಇಬ್ಬರೂ ಬುತ್ತಿ ಕಟ್ಟಿಕೊಂಡು ಹೊರಡುವುದು, ದಾರಿಯುದ್ದಕ್ಕೂ ಜಗಳವಾಡುವುದು. ಕೊಡಗಿನ ಅಂಗಡಿಗಳ ಅಟ್ಟವೆಲ್ಲ ಮುಗಿದ ಮೇಲೆ ಮಾಕುಟ್ಟದ ಕಾಡು ಇಳಿದು ತಲಚೇರಿಗೂ ಹೋದರು.

ತಲಚೇರಿಯ ಒಂದು ಅಂಗಡಿಯವನು ಗೋಣಿ ಬಿಚ್ಚಿ ಒಂದು ಪ್ಲೇಟು ತೆಗೆದ. ಅದೇ ಹಸಿರು ಚೀಟಿ, ಅದೇ ಕುದುರೆ, ಅದೇ ಕಹಳೆ. ಪೊನ್ನಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದಲ್ಲ," ಎಂದ ಪೊನ್ನಪ್ಪ.

ನಾಣಯ್ಯ ಕನ್ನಡಕ ಏರಿಸಿ ಇಂಗ್ಲಿಷ್ ಹೆಸರನ್ನು ಎರಡೆರಡು ಸಲ ಓದಿದ. "ಅಲ್ಲ," ಎಂದ. "ಅದು ಬೇರೆ."

ಹಾಕಿ ಕೇಳಿಸುತ್ತೇನೆ, ಕೂತುಕೊಳ್ಳಿ ಎಂದು ಅಂಗಡಿಯವನು ಎಷ್ಟು ಹೇಳಿದರೂ ಕೇಳದೆ, ಬಸ್ಸು ಹೋಗ್ತದೆ ಎಂದು ಇಬ್ಬರೂ ಎದ್ದೇಬಿಟ್ಟರು. ಬಸ್ಸು ಘಾಟಿ ಹತ್ತಿತು.

"ಬರುವ ಭಾನುವಾರ ಮೈಸೂರಲ್ಲಿ ನೋಡೋಣ ನಾಣಿ," ಎಂದ ಪೊನ್ನಪ್ಪ. "ಅಲ್ಲಿ ಅಂಗಡಿ ಜಾಸ್ತಿ."

"ಜಾಸ್ತಿ ಅಣ್ಣ," ಎಂದ ನಾಣಯ್ಯ. "ತುಂಬಾ ವರ್ಷ ಬೇಕಾಗ್ತದೆ."