ಸೊಳ್ಳೆ ಸಂಗೀತಕ್ಕೆ ತಲೆದೂಗಿದವನು

ತಟ್ಟೆ ತಿರುಗುತ್ತಿತ್ತು, ಹಾಡು ಮಾತ್ರ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳುತ್ತಿತ್ತು. ಮಾಲೂರಿನ ನನ್ನ ಷಡ್ಡಕ ತನ್ನ ಹಳೆಯ ರೆಕಾರ್ಡ್ ಪ್ಲೇಯರಿನ ಮುಳ್ಳು ತೆಗೆದು, ಅದರ ಜಾಗಕ್ಕೆ ಕಾರ್ಟ್ರಿಜ್ ಎಂಬ ವಿದೇಶಿ ಮುಳ್ಳು ಹಾಕಿ ನಮ್ಮನ್ನೆಲ್ಲ ಕೂರಿಸಿಕೊಂಡಿದ್ದ. “ಇದನ್ನ ಕೇಳೋಕೆ ಕಿವಿಗೂ ಸಂಸ್ಕಾರ ಬೇಕು ಕಣಯ್ಯ” ಎಂದ. ನಾನು ತಲೆದೂಗಿದೆ.

ಜೊತೆಗಿದ್ದ, ಮದುವೆಗಳಿಗೆ ಮೈಕ್‌ಸೆಟ್ ಹಾಕುವ ಮುಳಬಾಗಿಲಿನ ಸಾಬರು ಬಗ್ಗಿ ನೋಡಿ ನಕ್ಕರು: “ಇದರ ದನಿ ಬಲು ಸಣ್ಣದು ಸಾರ್, ದನಿ ಏರಿಸೋ ನಿಮ್ಮ ಪ್ರೀಆಂಪಿಗೆ ಸಾಲಲ್ಲ. ಮುಳ್ಳು ಹಿಡಿಯೋ ಈ ಹಗುರ ತೋಳಿಗೂ ಹೊಂದಲ್ಲ. ಜೋಡಿ ನೋಡ್ದೆ ನಿಕಾಹ್ ಮಾಡ್ಬಿಟ್ಟಿದೀರ!” ಹಳೆಯ ಮುಳ್ಳನ್ನೇ ಮತ್ತೆ ಹಾಕಿದರು. ಹಾಡು ಮನೆ ತುಂಬಿತು.

ಷಡ್ಡಕನ ಮುಖ ನೋಡಿ ನಾನು ಕಿಸಕ್ಕನೆ ನಕ್ಕೆ. “ಮತ್ತೆ ಆಗ್ಲೇ ನೀವ್ಯಾಕೆ ತಲೆ ಆಡಿಸ್ತಿದ್ರಿ?” ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ. ಅಲ್ಲಿಂದೀಚೆಗೆ ಯಾವ ಹಾಡಿಗೂ ತಲೆದೂಗುವ ಮುನ್ನ ಅವಳ ಮುಖ ನೋಡುತ್ತೇನೆ.