ಗವಿಯ ಬಾಗಿಲಲ್ಲಿ ಹಾಸಿದ ಜಮಖಾನೆ

ನಮ್ಮ ಧಾರವಾಡ ಜಿಲ್ಲೆಯ ಅರಣ್ಯ ಇಲಾಖೆಯಲ್ಲಿ ಸಾಗವಾನಿಯನ್ನು ಕಾಯ್ದವರಿದ್ದಾರೆ, ಶ್ರೀಗಂಧವನ್ನು ಕಾಯ್ದವರಿದ್ದಾರೆ, ಜಿಂಕೆ ನವಿಲುಗಳನ್ನು ಕಾಯ್ದು ಹೆಸರು ಪಡೆದವರೂ ಇದ್ದಾರೆ. ಆದರೆ ಒಂದು ಗವಿಯನ್ನು, ಅದರ ಮೇಲಿನ ಸುಣ್ಣಕಲ್ಲಿನ ಗುಡ್ಡವನ್ನು, ಗುಡ್ಡದ ಬುಡದಲ್ಲಿ ಜಿನುಗುವ ಒರತೆಯನ್ನು ತಮ್ಮ ಸೇವೆಯ ಕೊನೆಯ ವರ್ಷಗಳುದ್ದಕ್ಕೂ ಒಂದೇ ನಿಷ್ಠೆಯಿಂದ ಕಾಯ್ದು, 1979ರ ಮೇ ತಿಂಗಳ ಕೊನೆಯ ದಿನ ಗೌರವದಿಂದ ನಿವೃತ್ತರಾದ ರೇಂಜರ್ ಶ್ರೀ ಮಡಿವಾಳೆಪ್ಪನವರಂಥವರು ಇನ್ನೊಬ್ಬರು ನಮಗೆ ಕಂಡಿಲ್ಲ. ಅವರು ನೆಡಿಸಿದ ಸಾಲುಮರಗಳ ಬಗ್ಗೆ, ಆರಿಸಿದ ಕಾಳ್ಗಿಚ್ಚುಗಳ ಬಗ್ಗೆ ಈ ಅಭಿನಂದನ ಗ್ರಂಥದಲ್ಲಿ ಹಿರಿಯರು ಬರೆದಿದ್ದಾರೆ. ಕಲಘಟಗಿಯ ಕಚೇರಿಯಲ್ಲಿ ಅವರ ಕೈಕೆಳಗೆ ದುಡಿದ ನಮ್ಮ ಪಾಲಿಗೆ ಉಳಿದದ್ದು ಅವರ ಅಂಜಿಕೆ.

ಹೌದು, ಗವಿಯನ್ನು ಕಾಯ್ದ ಈ ಮಹನೀಯರು ಗವಿಗೆ ಅಂಜುತ್ತಿದ್ದರು. ಇದನ್ನು ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇವೆ. ಕೇಳಿದಾಗ ಅವರು ಕನ್ನಡಕ ಒರೆಸಿಕೊಂಡು, “ಬರೀರಿ, ಬರೀರಿ. ಊರಿಗೆಲ್ಲಾ ಗೊತ್ತಿದ್ದದ್ದನ್ನ ಪುಸ್ತಕದಾಗ ಮುಚ್ಚಿಟ್ಟರ ಏನ ಬಂತು?” ಎಂದರು. ಅಷ್ಟು ಧಾರಾಳವಾಗಿ ಅಪ್ಪಣೆ ಸಿಕ್ಕ ಮೇಲೆ ನಾವೇಕೆ ಹಿಂದೆಗೆಯಬೇಕು?

ಅಂಜಿಕೆಯ ಮೂಲ ಒಂದು ಜೋಳದ ಹಗೆಯಲ್ಲಿದೆ. ಶ್ರೀಯುತರು ಹುಟ್ಟಿದ್ದು ನವಲಗುಂದ ತಾಲ್ಲೂಕಿನ ಎರೆಸೀಮೆಯ ಒಂದು ಹಳ್ಳಿಯಲ್ಲಿ. ಎತ್ತ ನೋಡಿದರೂ ಬಯಲು, ಮೇಲೆ ಬಾನು, ನಡುವೆ ಎತ್ತರವೆಂದರೆ ಮೇವಿನ ಬಣವಿ. ಅಲ್ಲಿನ ಮನೆಗಳಲ್ಲಿ ಜೋಳವನ್ನು ನೆಲದೊಳಗೆ ಅಗೆದ ಹಗೆಯಲ್ಲಿ ತುಂಬಿಟ್ಟು, ಬೇಕಾದಾಗ ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ಮೈ ಸಣ್ಣಗಿದ್ದವನೊಬ್ಬನನ್ನು ಹಗ್ಗ ಕಟ್ಟಿ ಇಳಿಸುವುದು ರೂಢಿ. ಎಳೆಯ ಮಡಿವಾಳೆಪ್ಪನನ್ನು ಹಾಗೆ ಇಳಿಸಿದ ಅವರ ಕಾಕಾ, ಹಗ್ಗವನ್ನು ಕಂಬಕ್ಕೆ ಸುತ್ತಿ, ತಂಬಾಕು ತರಲು ಹೋಗಿ, ಅಂಗಡಿಯ ಕಟ್ಟೆಯ ಮೇಲೆ ಯಾರದೋ ಮದುವೆಯ ಮಾತಿಗೆ ಕುಳಿತುಬಿಟ್ಟರು. ಮದುವೆ ಗಟ್ಟಿಯಾಯಿತು. ಹಗೆಯಲ್ಲಿದ್ದವನ ನೆನಪು ಬಂದದ್ದು ಆಮೇಲೆ. ಅಂದಿನಿಂದ ಶ್ರೀಯುತರಿಗೆ ಮೇಲೆ ಬಾನು ಕಾಣದ ಜಾಗವೆಂದರೆ ಕೈಕಾಲು ತಣ್ಣಗಾಗುತ್ತವೆ.

ಬಯಲಿನಲ್ಲಿ ಇದು ಯಾರಿಗೂ ಗೊತ್ತಾಗುವ ಸಂಗತಿಯಲ್ಲ. ನವಲಗುಂದದಲ್ಲಿ ಶಾಲೆ ಕಲಿತು, ಇಲಾಖೆ ಸೇರಿ, ರಸ್ತೆಬದಿಯ ಬೇವು, ಹುಣಸೆಗಳನ್ನು ಬೆಳೆಸುತ್ತ ಅವರು ಬಹುಕಾಲ ಸುಖವಾಗಿಯೇ ಇದ್ದರು. 1972ರಲ್ಲಿ ಕಲಘಟಗಿಗೆ ವರ್ಗವಾಯಿತು. ಹೊರಡುವ ದಿನ ನವಲಗುಂದದ ನೆರೆಮನೆಯ ಜೈನಬಿ, ತನ್ನ ಮಗ್ಗದಲ್ಲಿ ನೇಯ್ದ ಒಂದು ಜಮಖಾನೆಯನ್ನು ಸುತ್ತಿ ಅವರ ಬಗಲಿಗೆ ಕೊಟ್ಟು, “ಅಡವಿಯಾಗ ಎಲ್ಲಿ ಕೂಡ್ತೀಯೋ ಏನೋ. ತಂಡಿ ನೆಲದ ಮ್ಯಾಲ ಕೂಡಬ್ಯಾಡಪ್ಪಾ” ಎಂದಳು. ಆ ಕೆಂಪು ನೀಲಿ ಪಟ್ಟಿಗಳ ಜಮಖಾನೆ ಮುಂದೆ ನಮ್ಮ ಇಲಾಖೆಯ ಒಂದು ಕಚೇರಿಯೇ ಆಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ದೇವಿಕೊಪ್ಪದ ಕಡೆಯ ಅಡವಿಯಲ್ಲಿ ಬಿಳಿಗುಡ್ಡ ಎಂಬ ಸುಣ್ಣಕಲ್ಲಿನ ಗುಡ್ಡವಿದೆ. ಅದರ ಹೊಟ್ಟೆಯಲ್ಲಿ ತಂಪಿನ ಗವಿ. ಗುಡ್ಡದ ಬುಡದ ಒರತೆ ಬಿರುಬೇಸಿಗೆಯಲ್ಲೂ ಬತ್ತುವುದಿಲ್ಲ. ಸುತ್ತಿನ ಹಟ್ಟಿಗಳ ಜನ, ದನ, ಆಡುಗಳಿಗೆ ಅದೇ ಆಧಾರ. ಕಲ್ಲು ಒಡೆಯುವವರ ಕಣ್ಣು ಬಿದ್ದದ್ದರಿಂದ ಅದನ್ನು ಕಾಯುವುದು ರೇಂಜರರ ಕರ್ತವ್ಯವಾಯಿತು. ಶ್ರೀಯುತರು ಮೊದಲ ದಿನ ಗವಿಯ ಮುಂದೆ ನಿಂತು, ಒಳಗಿನಿಂದ ಬರುವ ತಣ್ಣನೆಯ ಗಾಳಿಗೆ ಒಂದು ಹೆಜ್ಜೆ ಹಿಂದೆ ಸರಿದು, ಬಗಲಿನ ಜಮಖಾನೆ ಬಿಚ್ಚಿ ಬಾಗಿಲಲ್ಲೇ ಹಾಸಿ ಕುಳಿತರು. “ಕಾವಲು ಅಂದ್ರ ಬಾಗಲದಾಗ ಇರಬೇಕ್ರಿ. ಒಳಗ ಕುಂತು ಕಾಯೋದು ಕಾವಲಲ್ಲ” ಎಂದು ನಮಗೆಲ್ಲ ಗಂಭೀರವಾಗಿ ತಿಳಿಸಿದರು. ನಾವು ಅಷ್ಟೇ ಗಂಭೀರವಾಗಿ ತಲೆದೂಗಿದೆವು. ನಮ್ಮಲ್ಲೊಬ್ಬರು ಇದನ್ನು ಹೊಸ ನಿಯಮವೆಂದೇ ತಿಳಿದು ಪಕ್ಕದ ರೇಂಜಿನ ಗಾರ್ಡುಗಳಿಗೂ ಕಲಿಸಿಬಂದರು.

ವಾರದಲ್ಲಿ ಹೆಚ್ಚು ದಿನ ಅವರ ಕೆಲಸ ಆ ಜಮಖಾನೆಯ ಮೇಲೆಯೇ ನಡೆಯಿತು. ಕಾಗದಗಳಿಗೆ ಸಹಿ ಅಲ್ಲೇ, ಊಟದ ಬುತ್ತಿ ಅಲ್ಲೇ, ಹಟ್ಟಿಯವರ ಜಗಳದ ತೀರ್ಮಾನವೂ ಅಲ್ಲೇ. ಮಳೆ ಬಂದರೆ ಜಮಖಾನೆ ಸುತ್ತಿಟ್ಟು, ಕಲ್ಲಿನ ಮೇಲೆ ಕುಳಿತು, ಛತ್ರಿ ಬಿಚ್ಚುತ್ತಿದ್ದರು. ಅವರ ಬೆನ್ನ ಹಿಂದೆ, ಮೂರು ಮಾರು ಒಳಗೆ, ಮೈಲಾರವ್ವನ ಆಡುಗಳು ಮೈ ತೊಯ್ಯಿಸಿಕೊಳ್ಳದೆ ಸಾಲಾಗಿ ನಿಂತು ಸರಕಾರಿ ಅಧಿಕಾರಿ ತೊಯ್ಯುವುದನ್ನು ನೋಡುತ್ತಿದ್ದವು.

ಈ ಮೈಲಾರವ್ವ ಬಿಳಿಗುಡ್ಡದ ಕೆಳಗಿನ ಹಟ್ಟಿಯ ಹಿರಿಯಳು, ಆಡು ಕಾಯುವವಳು. ಹುಟ್ಟಿದಾಗಿನಿಂದ ಗವಿಯ ಒಳಗೆ ಹೊರಗೆ ತಿರುಗಿದ ಆಕೆಗೆ ಒಂದೇ ಮಳೆಗಾಲದಲ್ಲಿ ಎಲ್ಲ ತಿಳಿಯಿತು. ಆದರೆ ಆಕೆ ಒಂದು ಸಲವೂ “ಒಳಗ ಬರ್ರಿ” ಎನ್ನಲಿಲ್ಲ. “ಛತ್ರಿ ಅಗದಿ ಚಲೋ ಐತ್ರಿ ಸಾಹೇಬ್ರ” ಎಂದಷ್ಟೇ ಹೇಳಿ ಆಡು ಹೊಡೆದುಕೊಂಡು ಹೋಗುತ್ತಿದ್ದಳು. ಅವಳ ಆ ದಾಕ್ಷಿಣ್ಯವನ್ನು ಶ್ರೀಯುತರು ಇಂದಿಗೂ ನೆನೆಯುತ್ತಾರೆ.

ಬಾಗಿಲಲ್ಲಿ ಕೂಡುವವರ ಕೈಗೆ ಬಾಗಿಲಿಗೆ ಬಂದವರು ಸಿಗಲೇಬೇಕು. ಹೀಗೆ ಸಿಕ್ಕವನು ಸುಣ್ಣಗಾರ ಹೊಳೆಪ್ಪ. ಹಾರೆ, ಬುಟ್ಟಿ ಸಮೇತ ಬಂದವನು ರೇಂಜರರನ್ನು ಕಂಡು ಅಲ್ಲೇ ನಿಂತ. ಬೇರೆಯವರಾಗಿದ್ದರೆ ಹಾರೆಯನ್ನು ಜಪ್ತಿ ಮಾಡಿ ಕೇಸು ಹಾಕುತ್ತಿದ್ದರು. ಇವರು ಬುತ್ತಿ ಬಿಚ್ಚಿ ಅವನಿಗೊಂದು ರೊಟ್ಟಿ, ಪುಂಡಿಪಲ್ಲೆ ಕೊಟ್ಟು, ಸುಣ್ಣದ ಭಟ್ಟಿ ಎಲ್ಲಿ ಹಾಕಿದ್ದೀ, ಮನೆಯಲ್ಲಿ ಎಷ್ಟು ಮಂದಿ ಎಂದು ವಿಚಾರಿಸಿದರು. ಅವನು ಅತ್ತು, “ಇದನ್ನ ಬಿಟ್ರ ನಮಗ ಬ್ಯಾರೆ ಏನ ಬರತೈತ್ರಿ?” ಎಂದ. ಆಗ ಶ್ರೀಯುತರಿಗೆ ತಮ್ಮ ಅಕ್ಕನನ್ನು ಕೊಟ್ಟ ಯರಗುಪ್ಪಿಯ ಎರೆಹೊಲಗಳು ನೆನಪಾದವು. ಅಲ್ಲಿ ಕುಂಟೆಗೆ ಅಡ್ಡ ಬರುವ ಸುಣ್ಣದ ಹರಳನ್ನು ರೈತರು ಬೈದುಕೊಂಡು ಆರಿಸಿ ಬದುವಿಗೆ ಒಟ್ಟುತ್ತಾರೆ. ಸುಟ್ಟರೆ ಅದೂ ಸುಣ್ಣವೇ. ಮುಂದಿನ ವಾರ ಹೊಳೆಪ್ಪನನ್ನು ತಾವೇ ಬಸ್ಸು ಹತ್ತಿಸಿ ಕುಂದಗೋಳದ ಕಡೆಯ ಆ ಊರಿಗೆ ಕರೆದೊಯ್ದರು. ಹೊಲ ಹಸನಾಯಿತೆಂದು ಯರಗುಪ್ಪಿಯವರಿಗೆ ಸಂತೋಷ, ಕಲ್ಲು ಒಡೆಯುವ ಕಷ್ಟ ತಪ್ಪಿತೆಂದು ಹೊಳೆಪ್ಪನಿಗೆ ಸಂತೋಷ. ಅವನ ಭಟ್ಟಿ ಯರಗುಪ್ಪಿಯ ಊರಂಚಿಗೆ ಹೋಯಿತು, ಅವನ ಹಾರೆ ಗವಿಯ ಕಡೆ ಮತ್ತೆ ಬರಲಿಲ್ಲ.

ಹೊಳೆಪ್ಪನ ಹಾರೆ ಸಣ್ಣದು. 1976ರ ಬೇಸಿಗೆಯಲ್ಲಿ ಬಂದದ್ದು ದೊಡ್ಡದು. ಹುಬ್ಬಳ್ಳಿಯ ಗುತ್ತಿಗೆದಾರರಾದ ಶಂಭುಲಿಂಗಪ್ಪನವರು ಇಡೀ ಬಿಳಿಗುಡ್ಡವನ್ನೇ ಕಲ್ಲಿನ ಗುತ್ತಿಗೆಗೆ ಕೇಳಿದರು. ಅವರ ವಾದ ಸರಳ: ಗವಿ ಎನ್ನುವುದು ಆಡು ನಿಲ್ಲುವಷ್ಟು ಒಂದು ಪೊಟರೆ, ಗುಡ್ಡ ಗಟ್ಟಿ ಕಲ್ಲು, ಒರತೆಗೂ ಗುಡ್ಡಕ್ಕೂ ಸಂಬಂಧವಿಲ್ಲ. ಒಳಗೆ ಬಹುದೂರದಲ್ಲಿ ನೀರಿನ ಮಡುವಿದೆ, ಒರತೆ ಹುಟ್ಟುವುದೇ ಅಲ್ಲಿ, ಗುಡ್ಡ ಒಡೆದರೆ ನೀರು ಹೋಯಿತು ಎಂಬುದು ಮೈಲಾರವ್ವನ ಹಟ್ಟಿಯವರ ಮಾತು. ಯಾವುದು ನಿಜವೆಂದು ನೋಡಿ ತೀರ್ಮಾನಿಸಲು ಮೇಲಿನ ಸಾಹೇಬರು ಜೀಪಿನಲ್ಲಿ ಬಂದರು. ಹಟ್ಟಿಯ ಜನ ಒರತೆಯ ಸುತ್ತ ನಿಂತಿದ್ದರು.

ಶಂಭುಲಿಂಗಪ್ಪನವರು ಕೆಟ್ಟವರಲ್ಲ, ಆದರೆ ಲೆಕ್ಕದವರು. ರೇಂಜರರ ಛತ್ರಿಯ ಸುದ್ದಿ ಅವರಿಗೆ ಮುಟ್ಟಿತ್ತು. ಬಿಳಿ ಧೋತರದ ಚುಂಗು ಕೈಯಲ್ಲಿ ಹಿಡಿದು ನಗುತ್ತ, “ಸಾಹೇಬ್ರ, ನನಗೇನ ಹಟ ಇಲ್ಲರಿ. ರೇಂಜರ್ ಸಾಹೇಬ್ರ ಮುಂದ ಹೋಗ್ಲಿ. ಅವರು ಎಲ್ಲಿ ತನಕ ಹೋಗ್ತಾರೋ ಅಲ್ಲಿ ತನಕ ಗವಿ ಅಂತ ನಾ ಒಪ್ಪತೀನಿ. ಉಳಿದದ್ದು ನನಗ ಬಿಡ್ರಿ” ಎಂದರು.

ಸಾಹೇಬರಿಗೆ ಇದರ ಒಳಗುಟ್ಟು ತಿಳಿಯದು. “ಹಂಗ ಆಗ್ಲಿ. ನಡೀರಿ ರೇಂಜರ್ರ” ಎಂದು ಬ್ಯಾಟರಿ ಹೊತ್ತಿಸಿದರು.

ಶ್ರೀಯುತರು ಬಿಸಿಲಲ್ಲಿ ನಿಂತು ಬೆವತಿದ್ದರು. ಒರತೆಯ ಕಡೆ ನೋಡಿದರು, ಗವಿಯ ಕಡೆ ನೋಡಿದರು, ತಾವು ಕೂಡುವ ಜಮಖಾನೆಯ ಅಂಚಿನವರೆಗೆ ನಡೆದರು, ನಿಂತರು. ಅಲ್ಲಿಂದ ಮುಂದೆ ಅವರ ಕಾಲು ಬರಲಿಲ್ಲ. ಶಂಭುಲಿಂಗಪ್ಪನವರು ಸಭ್ಯತೆಯಿಂದ ಬೇರೆ ಕಡೆ ನೋಡಿದರು.

ಮೈಲಾರವ್ವ ಬಂದು ತನ್ನ ಹೆಗಲ ಕಂಬಳಿಯನ್ನು ಇಳಿಸಿ ಅದರ ಒಂದು ತುದಿಯನ್ನು ಅವರ ಕೈಯಲ್ಲಿಟ್ಟಳು. ಆಡು ಕಾಯುವವರು ಗವಿಗೆ ಹೊಕ್ಕರೆ ಹೀಗೆಯೇ. ಮುಂದಿನವರ ಕಂಬಳಿಯನ್ನು ಹಿಂದಿನವರು ಹಿಡಿದು ಸಾಲಾಗಿ ನಡೆಯುತ್ತಾರೆ, ಯಾರೂ ಒಂಟಿಯಾಗಿ ಹೋಗುವುದಿಲ್ಲ.

“ನಾ ಮುಂದ ಇರ್ತೀನ್ರಿ. ನೀವು ಕಣ್ಣ ಮುಚ್ಚಕೊಂಡ ಬರ್ರಿ” ಎಂದು ಮೆಲ್ಲಗೆ ಹೇಳಿದಳು.

“ಕಣ್ಣ ಮುಚ್ಚಕೊಂಡ?”

“ಹೆಂಗೂ ಒಳಗ ಕತ್ತಲ ಐತ್ರಿ. ಕಣ್ಣ ತೆರದ್ರ ಕತ್ತಲರೆ ಕಾಣತೈತಿ. ಮುಚ್ಚಿದ್ರ ಅದೂ ಇಲ್ಲ.”

ಶ್ರೀಯುತರು ಕಣ್ಣು ಮುಚ್ಚಿದರು, ಕಂಬಳಿಯನ್ನು ಎರಡೂ ಕೈಯಿಂದ ಹಿಡಿದರು, ಹೊರಟರು. ಹಿಂದೆ ಸಾಹೇಬರು, ಅವರ ಹಿಂದೆ ಶಂಭುಲಿಂಗಪ್ಪನವರು, ಕೊನೆಗೆ ನಾವು. ಮೈಲಾರವ್ವ ದಾರಿಯುದ್ದಕ್ಕೂ ಮಾತು ನಿಲ್ಲಿಸಲಿಲ್ಲ. ಕರಿ ಆಡು ಅವಳಿ ಮರಿ ಹಾಕಿದ್ದು, ಹೋತ ಯಾರದೋ ಹೊಲ ಹೊಕ್ಕು ಬೈಸಿಕೊಂಡದ್ದು, ಸೊಸೆಗೆ ಹಾಲು ಹಿಂಡಲು ಬಾರದ್ದು, ಹೀಗೆ ಮನೆಯ ಕಥೆಯನ್ನೆಲ್ಲ ಹೇಳುತ್ತ ಹೋದಳು. ಶ್ರೀಯುತರು “ಹೌದೇನು”, “ಮುಂದ?” ಎನ್ನುತ್ತ ನಡೆದರು. ದಾರಿ ಕಿರಿದಾಯಿತು. ಬಾವಲಿಗಳು ತಲೆಯ ಮೇಲೆ ಸುಳಿದವು. ಶಂಭುಲಿಂಗಪ್ಪನವರ ಟೊಪ್ಪಿಗೆ ಕಲ್ಲಿಗೆ ತಾಗಿ ಬಿತ್ತು.

“ಇಲ್ಲಿಗೆ ಸಾಕ ಬಿಡ್ರಿ ಸಾಹೇಬ್ರ” ಎಂದರು ಅವರು.

“ಹೆಂಗ ಸಾಕ್ರಿ? ರೇಂಜರ್ ಇನ್ನೂ ನಡ್ಯಾಕತ್ತಾರ” ಎಂದರು ಸಾಹೇಬರು.

ರೇಂಜರರು ನಿಜಕ್ಕೂ ನಡೆಯುತ್ತಲೇ ಇದ್ದರು. ಎಷ್ಟು ದೂರ ಬಂದಿದ್ದೇವೆಂದು ಕಣ್ಣು ಮುಚ್ಚಿದವರಿಗೆ ತಿಳಿಯುವುದು ಹೇಗೆ? ಕೊನೆಗೆ ಮುಂದಿನಿಂದ ಅವರ ದನಿ ಕೇಳಿಸಿತು. “ಮೈಲಾರವ್ವ, ನನ್ನ ಬೂಟು ತೊಯ್ದುವು.”

ಸಾಹೇಬರ ಬ್ಯಾಟರಿಯ ಬೆಳಕು ಬಿದ್ದಲ್ಲಿ ನೀರು ಮಿನುಗಿತು. ಮಡುವಿನ ಒಂದು ಮಗ್ಗುಲಿಂದ ಅದು ಒರತೆಯ ದಿಕ್ಕಿಗೆ ಸದ್ದಿಲ್ಲದೆ ಹರಿಯುತ್ತಿತ್ತು. ಸಾಹೇಬರು ಬಗ್ಗಿ ಒಂದು ಬೊಗಸೆ ಕುಡಿದು ಹಿಂದಿರುಗಿದರು. ಹೊರಗೆ ಬಂದ ಮೇಲೆ ಶಂಭುಲಿಂಗಪ್ಪನವರು ಆಡಿದ ಮಾತಿಗೆ ತಪ್ಪಲಿಲ್ಲ. ಗುಡ್ಡ ಇಡಿಯಾಗಿ ಮೀಸಲಾಯಿತು. ಈಗ ಅವರು ತಮ್ಮ ಕಟ್ಟಡಗಳಿಗೆ ಹೊಳೆಪ್ಪನ ಸುಣ್ಣವನ್ನೇ ಒಯ್ಯುತ್ತಾರೆ. ಈ ಅಭಿನಂದನ ಸಮಾರಂಭದ ಚಪ್ಪರ ಹಾಕಿಸಿದವರೂ ಅವರೇ.

ಹೀಗೆ ಶ್ರೀಯುತರು ಗವಿಯ ತುದಿಯವರೆಗೆ ಹೋಗಿಬಂದರು, ಆದರೆ ಗವಿಯನ್ನು ನೋಡಲಿಲ್ಲ. ಮರುದಿನದಿಂದ ಮತ್ತೆ ಬಾಗಿಲು, ಜಮಖಾನೆ, ಛತ್ರಿ.

ನಿವೃತ್ತಿಯ ದಿನ ಬೆಳಿಗ್ಗೆ ಹಟ್ಟಿಯವರು ಗವಿಯ ಮುಂದೆಯೇ ಅವರಿಗೆ ಮಾಲೆ ಹಾಕಿದರು. ಹೊಳೆಪ್ಪ ಯರಗುಪ್ಪಿಯಿಂದ ಬಂದಿದ್ದ. ಮಾಲೆಯನ್ನು ತೆಗೆದು ಜಮಖಾನೆಯ ಮೇಲಿಟ್ಟ ಶ್ರೀಯುತರು, “ಮೈಲಾರವ್ವ, ಕಂಬಳಿ ಕೊಡು. ಈ ಸಲ ಕಣ್ಣ ತೆರದ ಬರ್ತೀನಿ” ಎಂದರು. ಆಕೆ ಕಂಬಳಿಯ ತುದಿ ಕೊಟ್ಟು ಮುಂದೆ ನಡೆದಳು. ಹೊಳೆಪ್ಪ ಕಂದೀಲು ಹಿಡಿದ, ನಾವೂ ಹಿಂದೆ ಸಾಲಾದೆವು. ಶ್ರೀಯುತರು ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು, “ಶಿವಾ” ಎಂದರು, ಮತ್ತೆ ನಡೆದರು.

ಮಡುವಿನ ಹತ್ತಿರ ಹೊಳೆಪ್ಪ ಕಂದೀಲನ್ನು ಮೇಲಕ್ಕೆತ್ತಿದ. ಮೇಲಿನಿಂದ ಬಿಳಿಯ ಕಲ್ಲು ಒಣಹಾಕಿದ ಸೀರೆಯ ನಿರಿಗೆಗಳಂತೆ ಇಳಿಬಿದ್ದಿತ್ತು. ಒಂದೊಂದು ತುದಿಗೂ ಒಂದೊಂದು ಹನಿ, ಹನಿಯಲ್ಲಿ ಕಂದೀಲಿನ ಬೆಳಕು, ಕೆಳಗೆ ನೀರಿನಲ್ಲಿ ಅದೆಲ್ಲ ಇನ್ನೊಮ್ಮೆ. ಶ್ರೀಯುತರು ಕಂಬಳಿಯನ್ನು ಕೈಬಿಟ್ಟು ನಿಂತಿದ್ದರು. ಕೈಬಿಟ್ಟದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ನಮಗೂ ಬಂತು.

“ಯವ್ವಾ, ಇಷ್ಟ ಚಂದ ಐತಿ ಅಂತ ಇಷ್ಟ ವರ್ಷದಾಗ ನನಗ ಒಬ್ಬರೂ ಹೇಳಲಿಲ್ಲಲ್ಲ?” ಎಂದರು.

“ಹೇಳಿದ್ರ ನೀವು ಒಳಗ ಬಂದ ಕೂಡ್ತಿದ್ರಿ” ಎಂದಳು ಮೈಲಾರವ್ವ. “ಬಾಗಲದಾಗ ಯಾರ ಕೂಡ್ತಿದ್ರು ಹೇಳ್ರಿ?”

ಹೊರಗೆ ಬಂದು ಶ್ರೀಯುತರು ಜಮಖಾನೆ ಸುತ್ತಲು ಬಗ್ಗಿದರು. ಹಟ್ಟಿಯವರು ಬಿಡಲಿಲ್ಲ. ಅದು ಅಲ್ಲೇ ಇದೆ. ನಿವೃತ್ತರಾದ ಮೇಲೂ ಶ್ರೀ ಮಡಿವಾಳೆಪ್ಪನವರು ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಕೂಡುತ್ತಿದ್ದಾರೆಂದೂ, ಹೊಸ ರೇಂಜರರು ಪಕ್ಕದಲ್ಲಿ ಜಾಗ ಕೇಳಿ ಪಡೆದಿದ್ದಾರೆಂದೂ ತಿಳಿದು ಸಂತೋಷವಾಗಿದೆ. ಬಿಳಿಗುಡ್ಡದ ಒರತೆ ಹರಿಯುವಷ್ಟು ಕಾಲ ಅವರು ಆರೋಗ್ಯದಿಂದ ಆ ಬಾಗಿಲಲ್ಲಿ ಕೂಡಲಿ, ಮನಸ್ಸಾದಾಗಲೆಲ್ಲ ಒಳಗೂ ಹೋಗಿಬರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಕಂಬಳಿಯ ಇನ್ನೊಂದು ತುದಿ ಹಿಡಿಯಲು ನಾವಿದ್ದೇವೆ.