ಬಾವಿಯ ರುಚಿ ನೋಡುವವಳು

ಆ ದ್ವೀಪದಲ್ಲಿ ಸಿಹಿನೀರಿಗೆ ಇದ್ದದ್ದು ಒಂದೇ ಬಾವಿ. ಬೆಳಗ್ಗೆ ಒಂದು ಸಲ, ನಡುಮಧ್ಯಾಹ್ನ ಒಂದು ಸಲ, ಗಂಟು ಹಾಕಿದ ಹಗ್ಗಕ್ಕೆ ಬಕೆಟ್ಟು ಕಟ್ಟಿ ಇಳಿಸಿ, ನೀರು ಎಷ್ಟನೇ ಗಂಟಿಗೆ ಸಿಗುತ್ತದೆಂದು ನೋಡಿ, ಒಂದು ಗುಟುಕು ಕುಡಿದು ರುಚಿ ಹೇಳುವುದು ಅವಳ ಕೆಲಸ. ಊರವರು ಅವಳನ್ನು ಉಪ್ಪಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಮುಂಚೆ ಆ ಕೆಲಸ ಅವಳ ಅತ್ತೆಯದು. ಅತ್ತೆಯ ನಾಲಗೆ ಬಾವಿಕಟ್ಟೆಯಲ್ಲಿ ಎಷ್ಟು ಚುರುಕೋ ಅಡುಗೆಮನೆಯಲ್ಲಿ ಅದಕ್ಕಿಂತ ಒಂದು ಕೈ ಮೇಲು. ಆದರೂ ಸಾಯುವ ಮುಂಚೆ ಸೊಸೆಯನ್ನು ಕೂರಿಸಿಕೊಂಡು ಒಂದು ಮಾತು ಹೇಳಿದ್ದಳು: "ಮಳೆನೀರು ಕಡಲ ನೀರಿನ ಮೇಲೆ ಹಾಲಿನ ಕೆನೆ ಇದ್ದಂಗೆ ನಿಂತಿದೆ. ಕೆನೆ ಪೂರ್ತಿ ತೆಗೆದ್ರೆ ಕೆಳಗಿಂದು ಮೇಲೆ ಬರುತ್ತೆ."

ಕೆಳಗಿನದು ಎಂದರೆ ಉಪ್ಪುನೀರು ಎಂದೇ ಉಪ್ಪಕ್ಕ ತಿಳಿದಿದ್ದಳು.

ಪ್ರವಾಸಿಗಳು ಬರತೊಡಗಿದ ಮೇಲೆ ಮೀನು ಒಣಗಿಸುತ್ತಿದ್ದ ಅಂಗಳಗಳಲ್ಲೆಲ್ಲ ಅತಿಥಿಗೃಹಗಳೆದ್ದವು. ಎಲ್ಲಕ್ಕಿಂತ ದೊಡ್ಡದು ಉಪ್ಪಕ್ಕನ ನಾದಿನಿಯದು, ಹನ್ನೊಂದು ಕೋಣೆ. ಬಾವಿಗೆ ಪಂಪುಗಳು ಬಿದ್ದವು. ಒಂಬತ್ತನೇ ಗಂಟಿಗೆ ಸಿಗುತ್ತಿದ್ದ ನೀರು ಹತ್ತಕ್ಕಿಳಿಯಿತು, ಹನ್ನೊಂದಕ್ಕಿಳಿಯಿತು. ಉಪ್ಪಕ್ಕ ಆಯಾ ದಿನದ ಗಂಟಿನ ಲೆಕ್ಕವನ್ನು ದೋಣಿಕಟ್ಟೆಯ ಹಲಗೆಯ ಮೇಲೆ ಬರೆಯುತ್ತಲೇ ಇದ್ದಳು. ಓದುವವರು ಮಾತ್ರ ಯಾರೂ ಇರಲಿಲ್ಲ.

ಆ ವರ್ಷದ ಬೇಸಿಗೆಯ ಒಂದು ಮಧ್ಯಾಹ್ನ ಗಾಳಿ ಸತ್ತುಹೋಗಿತ್ತು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಅವಳು ಹಗ್ಗ ಇಳಿಸಿದಳು. ಹನ್ನೆರಡನೇ ಗಂಟು ಜಾರಿತು, ಹದಿಮೂರನೆಯದೂ ಜಾರಿತು, ನೀರಿನ ಸದ್ದಿಲ್ಲ. ಬಾವಿಯ ತಳವಿರುವುದು ಹದಿನಾಲ್ಕನೇ ಗಂಟಿಗೆ, ಅಲ್ಲಿ ಹಾಸುಗಲ್ಲು. ಹದಿನೈದು, ಹದಿನಾರು ಗಂಟುಗಳೂ ಅವಳ ಬೆರಳ ಸಂದಿಯಿಂದ ಇಳಿದವು. ಹದಿನೆಂಟಕ್ಕೆ ಹಗ್ಗ ನಿಂತಿತು. ಆಮೇಲೆ ಯಾರೋ ಕೈಯಿಂದ ಇಸಿದುಕೊಳ್ಳುವ ಹಾಗೆ ಮೆತ್ತಗೆ ಒಮ್ಮೆ ಎಳೆಯಿತು.

ಅವಳು ಹಗ್ಗ ಬಿಡಲಿಲ್ಲ. ಬಾವಿಯ ಬಾಯಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು, ತಿರುಗಿ ಒಳಗೆ ಹೋಯಿತು, ಮತ್ತೆ ಬಂತು. ಬಕೆಟ್ಟು ಮೇಲೆ ಬಂದಾಗ ತುಂಬಿತ್ತು. ಬಾಯಿಗೆ ಹಾಕಿಕೊಂಡರೆ ಕಡಲ ಉಪ್ಪಲ್ಲ, ಕಣ್ಣೀರಿನ ಬಿಸಿಯುಪ್ಪು.

ಅವಳು ನೇರ ನಾದಿನಿಯ ಮನೆಗೆ ಹೋಗಿ ಆದದ್ದನ್ನೆಲ್ಲ ಹೇಳಿದಳು.

"ಅತ್ತಿಗೆ, ಬಿಸಿಲು ನೆತ್ತಿಗೇರಿದೆ ನಿಮಗೆ. ಕೂತ್ಕೊಳ್ಳಿ, ಫ್ಯಾನ್ ಹಾಕ್ತೀನಿ" ಎಂದಳು ನಾದಿನಿ.

"ಪಂಪು ನಿಲ್ಲಿಸು ಮೊದಲು."

"ಹನ್ನೊಂದು ಕೋಣೆ ತುಂಬಿದೆ. ಜನ ಸ್ನಾನ ಮಾಡೋದು ಬೇಡ್ವಾ?"

ಅಷ್ಟರಲ್ಲಿ ಮೂರನೇ ಕೋಣೆಯ ಹೆಂಗಸು ತಲೆಗೆ ಸೋಪು ಮೆತ್ತಿಕೊಂಡೇ ಹೊರಗೆ ಬಂದಳು. ನಲ್ಲಿಯಲ್ಲಿ ನೀರಿಲ್ಲ, ಬದಲಿಗೆ ಯಾರೋ ಉಸಿರಾಡುತ್ತಿದ್ದಾರೆ, ಪಕ್ಕದ ಕೋಣೆಯವರೇ ಎಂದು ಕೇಳಿದಳು. ಪಕ್ಕದ ಕೋಣೆಯವರು ಆಗಲೇ ಕಡಲ ದಂಡೆಗೆ ಹೋಗಿದ್ದರು. ನಾದಿನಿ ನಗುತ್ತಲೇ ಒಳಗೆ ಹೋಗಿ ನಲ್ಲಿಗೆ ಕಿವಿಕೊಟ್ಟಳು. ನಗು ಅಲ್ಲೇ ನಿಂತಿತು. ಎರಡನೇ ಕೋಣೆಗೆ ಹೋದಳು, ಏಳನೆಯದಕ್ಕೆ ಹೋದಳು. ಎಲ್ಲ ನಲ್ಲಿಗಳಲ್ಲೂ ಒಂದೇ ಉಸಿರು, ಒಂದೇ ಲಯ. ಒಳಗೆ, ಹೊರಗೆ.

"ಅಮ್ಮನಿಗೆ ಕೊನೇ ದಿನ ಹಿಂಗೇ ಇತ್ತಲ್ವಾ, ಅತ್ತಿಗೆ?" ಎಂದಳು. ದನಿ ಮಗುವಿನದಾಗಿತ್ತು.

ನಾದಿನಿ ತಾನೇ ಹೋಗಿ ಪಂಪಿನ ಗುಂಡಿ ಒತ್ತಿ ನಿಲ್ಲಿಸಿದಳು. ಮನೆಯೆಲ್ಲ ಒಂದು ದೀರ್ಘ ನಿಟ್ಟುಸಿರು ಬಿಟ್ಟಂತಾಗಿ ಸದ್ದಡಗಿತು.

ಮರುದಿನ ದೋಣಿಕಟ್ಟೆಯಲ್ಲಿ ಊರು ಸೇರಿತು. ಬರುವ ಪ್ರವಾಸಿಗಳನ್ನು ಕಡಿಮೆ ಮಾಡಬೇಕು ಎಂದಳು ಉಪ್ಪಕ್ಕ. "ಹೊಟ್ಟೆ ಮೇಲೆ ಹೊಡೀಬೇಡಿ" ಎಂದು ದೋಣಿಯವನು ಕೂಗಾಡಿದ. ನಾದಿನಿ ಎದ್ದು ನಿಂತು ಹೇಳಿದ್ದು ಇಷ್ಟೇ: "ನಾನು ಏಳು ಕೋಣೆಗೆ ಬೀಗ ಹಾಕಿದ್ದೀನಿ. ಬೇಕಾದ್ರೆ ಬನ್ನಿ, ಪಂಪು ಹಾಕ್ತೀನಿ, ನಲ್ಲಿಗೆ ಕಿವಿಕೊಟ್ಟು ಕೇಳಿ." ಒಬ್ಬೊಬ್ಬರೇ ಹೋಗಿ ಕೇಳಿ ಬಂದರು. ದೋಣಿಯವನು ಬಂದವನೇ ಹಲಗೆಯ ಮುಂದೆ ನಿಂತು ಗಂಟಿನ ಲೆಕ್ಕ ಓದಿದ.

ಅಂದಿನಿಂದ ಹಲಗೆಯ ಮೇಲಿನ ಗಂಟು ನೋಡಿಯೇ ದೋಣಿಗೆ ಪ್ರವಾಸಿಗಳನ್ನು ಹತ್ತಿಸುವುದು. ಹತ್ತಾದರೆ ಅರ್ಧ ದೋಣಿ, ಹನ್ನೊಂದಾದರೆ ಯಾರೂ ಇಲ್ಲ. ಬೇಸಿಗೆಯಲ್ಲಿ ಮೂರು ತಿಂಗಳು ದ್ವೀಪಕ್ಕೇ ಬಿಡುವು. ಮನೆಯ ಮಾಡುಗಳ ಕೆಳಗೆ ಮಳೆನೀರಿನ ತೊಟ್ಟಿ ಕೂತವು. ಮೊದಲ ವರ್ಷ ನಾಲ್ಕು ಮನೆಯವರು ಕೋಪದಲ್ಲಿ ಊರು ಬಿಟ್ಟರು. ಮೂರನೇ ವರ್ಷದ ಹೊತ್ತಿಗೆ ನೀರು ಒಂಬತ್ತರ ಹತ್ತಿರ ಬಂತು. ಬಂದವರು ಎರಡು ದಿನದ ಬದಲು ಎಂಟು ದಿನ ಉಳಿಯತೊಡಗಿದರು.

ಒಮ್ಮೆ ಭೂಜಲದ ತಜ್ಞನೊಬ್ಬ ಬಂದ. ಕಡಲಿನ ಉಬ್ಬರ ಇಳಿತಕ್ಕೆ ನೆಲದೊಳಗಿನ ಗಾಳಿ ಹೀಗೆ ಹೋಗಿಬರುವುದು ಸಹಜ ಎಂದು ಚಿತ್ರ ಬರೆದು ತೋರಿಸಿದ. ಉಪ್ಪಕ್ಕ ತಲೆಯಾಡಿಸಿದಳು.

"ಇರಬಹುದು ಸ್ವಾಮಿ. ಹದಿನಾಲ್ಕಕ್ಕೆ ತಳ ಇರೋ ಬಾವಿಗೆ ಹದಿನೆಂಟು ಗಂಟು ಹೆಂಗೆ ಇಳೀತು?"

ಆತ ನಕ್ಕು ಹಗ್ಗವನ್ನು ತಾನೇ ಇಳಿಸಿದ. ಹದಿನೈದನೇ ಗಂಟೂ ಜಾರಿದ ಮೇಲೆ ಹಗ್ಗ ಅವನ ಕೈಯಲ್ಲೂ ಮೆತ್ತಗೆ ಒಮ್ಮೆ ಎಳೆಯಿತು. ಆಮೇಲೆ ಅದನ್ನು ಜೋಪಾನವಾಗಿ ಅವಳ ಕೈಗೆ ಕೊಟ್ಟು, ಸಂಜೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿದ.